ಎರಡನೇ ಸಲ ಯಾವಾಗ?

ಈ ಸಲದ ಗೌದೆಯಾಮುಸ್ ಪ್ರಶಸ್ತಿ ಗೆಲ್ಲಲಿರುವ ಸಂಗೀತ ಸಂಯೋಜಕರಿಗೆ ಮೈಸೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ನನಗಿನ್ನೂ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಹೊಸ ಸಂಗೀತದ ಉತ್ಸವ ನಡೆಯುತ್ತದೆ, ಅಲ್ಲಿ ನಿಮ್ಮ ಹೆಸರು ಕೂಗುತ್ತಾರೆ. ನೀವು ಯಾವ ದೇಶದವರೋ, ಗಂಡೋ ಹೆಣ್ಣೋ, ಅದೂ ತಿಳಿಯದು. ಆದರೂ ಮುಂಚೆಯೇ ಬರೆದಿಡುತ್ತಿದ್ದೇನೆ. ಹೆಸರು ಕೂಗಿದ ಮೇಲೆ ಅಭಿನಂದನೆಗಳ ನಡುವೆ ನನ್ನ ಈ ಒಂದು ಮಾತು ನಿಮ್ಮ ಕಿವಿಗೆ ಬೀಳಲಾರದು.

ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಮ್ಮೂರಿನಲ್ಲಿ ಗಣಪತಿ ಹಬ್ಬದ ಕಛೇರಿಗಳು. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಪೆಂಡಾಲಿನಲ್ಲಿ ಕುರ್ಚಿ ಸಿಕ್ಕರೆ ಕುರ್ಚಿ, ಇಲ್ಲದಿದ್ದರೆ ರಸ್ತೆಯ ಬದಿ. ಮಳೆ ಬಂದರೆ ಕೊಡೆ. ಹಾಡುವವರು ಎತ್ತಿಕೊಂಡ ಕೀರ್ತನೆಯನ್ನು ನಾವು ನೂರು ಸಲ ಕೇಳಿರುತ್ತೇವೆ. ನೂರೊಂದನೇ ಸಲ ಅನುಪಲ್ಲವಿ ಹೊರಳುವ ಕಡೆ ಏನೋ ಹೊಸದು ಕಂಡು ಪಕ್ಕದವರ ತಲೆ ತೂಗುತ್ತದೆ. ಅದೇ ಕೀರ್ತನೆಯನ್ನು ಮೊತ್ತಮೊದಲು ಯಾರು, ಎಲ್ಲಿ, ಯಾವ ದಿನ ಹಾಡಿದರೆಂದು ಕೇಳಿದರೆ ಪೆಂಡಾಲಿನಲ್ಲಿ ಒಬ್ಬರೂ ಹೇಳಲಾರರು. ಆ ಪ್ರಶ್ನೆ ನಮಗೆ ಹೊಳೆಯುವುದೂ ಇಲ್ಲ.

ನಿಮ್ಮ ಲೋಕದ ರೀತಿ ಇದಕ್ಕೆ ತಲೆಕೆಳಗು. ಮೊದಲ ಸಲ ನುಡಿಸಿದ ದಿನ, ಊರು, ವಾದ್ಯವೃಂದ, ನಿರ್ವಾಹಕರ ಹೆಸರು ಎಲ್ಲವೂ ಕೃತಿಯ ಪುಟದ ಮೇಲೆಯೇ ಅಚ್ಚಾಗಿರುತ್ತವೆ. ಎರಡನೇ ಸಲದ ಬಗ್ಗೆ ಮಾತ್ರ ಯಾರೂ ಬರೆದಿಡುವುದಿಲ್ಲ. ಎಷ್ಟೋ ಕೃತಿಗಳಿಗೆ ಆ ಎರಡನೇ ಸಲ ಬರುವುದೇ ಇಲ್ಲ. ಇದು ನನ್ನ ಆಕ್ಷೇಪವಲ್ಲ. ನಿಮ್ಮ ಲೋಕದ ಸಂಯೋಜಕರೇ ಬಹುಕಾಲದಿಂದ ಆಡುತ್ತಿರುವ ನೋವಿನ ಮಾತು.

ನಿಮಗೆ ಸಿಗುವ ಪ್ರಶಸ್ತಿಯನ್ನೇ ತೆಗೆದುಕೊಳ್ಳೋಣ. ಅದರ ಮೊತ್ತ 5,000 ಯೂರೋ. ಬರೆದು ಮುಗಿಸಿದ್ದಕ್ಕೆ ಕೊಡುವ ಇನಾಮಲ್ಲ ಅದು. ಮುಂದಿನ ಉತ್ಸವಕ್ಕೆ ಹೊಸತೊಂದನ್ನು ಬರೆದುಕೊಡಿ ಎಂದು ಕೊಡುವ ದುಡ್ಡು. ಈ ಏರ್ಪಾಡು ನನಗೆ ತುಂಬ ಹಿಡಿಸಿತು. ಸಾಮಾನ್ಯವಾಗಿ ಪ್ರಶಸ್ತಿ ಎಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮಾಡಿದ್ದು ಸಾಕೆನ್ನುವ ಹಾಗಿನ ಒಂದು ಸಂಜೆ. ಇಲ್ಲಿ ಹಾಗಲ್ಲ, ಇನ್ನೂ ಹುಟ್ಟದ ಕೂಸಿಗೆ ತೊಟ್ಟಿಲು ಕಟ್ಟಿಸುತ್ತಿದ್ದಾರೆ. ಎಳೆಯ ಸಂಯೋಜಕರ ಮೇಲೆ ಇಷ್ಟು ನಂಬಿಕೆ ಇಡುವುದು ದೊಡ್ಡ ಮಾತು.

ಇದಕ್ಕೆ ನೀವು ಬಳಸುವ ಪದ ಕಮಿಷನ್. ಕರ್ನಾಟಕದಲ್ಲಿ ಆ ಪದ ಬಿಲ್ಲು, ಗುತ್ತಿಗೆ, ಕಳ್ಳಪಾಲುಗಳ ನಡುವೆ ಸಿಕ್ಕಿ ಕೆಟ್ಟುಹೋಗಿದೆ. ಆದ್ದರಿಂದ ನಾನು ಕನ್ನಡದ್ದೇ ಕ್ರಿಯಾಪದ ಹಿಡಿಯುತ್ತೇನೆ: ಬರೆಸುವುದು. ಇದರ ಪೂರ್ತಿ ಅರ್ಥ ತಿಳಿದಿದ್ದವಳು ಹತ್ತನೇ ಶತಮಾನದ ಅತ್ತಿಮಬ್ಬೆ. ರನ್ನ ಕವಿಗೆ ಆಶ್ರಯವಾಗಿ 993ರಲ್ಲಿ ಅವನಿಂದ ಅಜಿತಪುರಾಣ ಬರೆಸಿದವಳು. ಅದಕ್ಕಿಂತ ಹಿಂದಿನ ಪೊನ್ನನ ಶಾಂತಿಪುರಾಣವನ್ನೋ, ಸಾವಿರ ಓಲೆಪ್ರತಿ ಮಾಡಿಸಿ ಹಂಚಿದವಳು. ಒಂದೊಂದು ಗರಿಯ ಮೇಲೂ ಕಂಟದಿಂದ ಕೊರೆದು ಸಾವಿರ ಪ್ರತಿ! ಹೊಸದನ್ನು ಬರೆಸಿದ ಕೈಯೇ ಇದ್ದದ್ದನ್ನೂ ಉಳಿಸಿತು. ಕವಿಯಿಂದ ಬರೆಸಿದ್ದಕ್ಕೂ ಲಿಪಿಕಾರರಿಂದ ಬರೆಸಿದ್ದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಸಲ್ಲುತ್ತದೆ ಎನ್ನುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ನಿಮಗೆ ಪ್ರಶಸ್ತಿ ಕೊಡುವ ಮನೆಯ ಕಥೆಯಲ್ಲೂ ಅಂಥದೇ ಒಂದು ಎಳೆಯಿದೆ. ಆ ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಗೌದೆಯಾಮುಸ್ ಎಂದರೆ ಲ್ಯಾಟಿನಿನಲ್ಲಿ 'ಸಂತೋಷಪಡೋಣ'. ಉಟ್ರೆಕ್ಟ್ ಹತ್ತಿರದ ಬಿಲ್ತೋವೆನ್ ಎಂಬಲ್ಲಿ ಯೂಲಿಯಸ್ ರೋಂಟ್ಗೆನ್ ಎಂಬ ಸಂಯೋಜಕ ಮುಪ್ಪಿನಲ್ಲಿ ಕಟ್ಟಿಸಿಕೊಂಡ ಮನೆಯ ಹೆಸರು ಅದು. ನಕ್ಷೆ ಹಾಕಿದವನು ವಾಸ್ತುಶಿಲ್ಪಿಯಾಗಿದ್ದ ಅವನ ಮಗ ಫ್ರಾಂಟ್ಸ್. ಗ್ರ್ಯಾಂಡ್ ಪಿಯಾನೋದ ಆಕಾರ ನೆನಪಿಗೆ ಬರುವಂತೆ ಕಟ್ಟಿದ. ರೋಂಟ್ಗೆನ್ ತೀರಿಕೊಂಡದ್ದು 1932ರಲ್ಲಿ. ಮುಂದೆ ಆ ಮನೆ ವಾಲ್ಟರ್ ಮಾಸ್ ಕೈಗೆ ಬಂತು. ಮಾಸ್ ಜರ್ಮನಿಯಿಂದ ಓಡಿಬಂದ ಯೆಹೂದಿ. ನಾಜಿಗಳ ಕಾಲದಲ್ಲಿ ಡಚ್ ಜನರ ಆಸರೆಯಲ್ಲಿ ಅಡಗಿ ಜೀವ ಉಳಿಸಿಕೊಂಡವನು. 1945ರಲ್ಲಿ ಯುದ್ಧ ಮುಗಿಯಿತು. ಉಳಿಸಿದ ಜನರ ಋಣ ತೀರಿಸುವುದು ಹೇಗೆ? ಆ ದೇಶದ ಎಳೆಯ ಸಂಯೋಜಕರಿಗೆ ಮನೆಯ ಬಾಗಿಲು ತೆರೆದ. ಬನ್ನಿ, ಇಲ್ಲಿ ನಿಮ್ಮ ಕೃತಿಗಳನ್ನು ನುಡಿಸಿ, ಒಬ್ಬರದನ್ನೊಬ್ಬರು ಕೇಳಿ ಎಂದ. ಅವನೇನೂ ಹೆಸರಾಂತ ಸಂಗೀತಗಾರನಲ್ಲ. ಪ್ರಶಸ್ತಿ ಶುರುವಾದದ್ದು ಆಮೇಲೆ, 1957ರಲ್ಲಿ. ಮೊದಲು ಬಂದದ್ದು ಮನೆ, ಕುರ್ಚಿಗಳು, ಕೂತು ಕೇಳುವ ಜನ.

ಈ ಅನುಕ್ರಮವನ್ನು ದಯವಿಟ್ಟು ಮರೆಯಬೇಡಿ.

ನಿಮಗಿಂತ ಮುಂಚೆ ಈ ಪ್ರಶಸ್ತಿ ಪಡೆದವರಲ್ಲಿ ನನ್ನನ್ನು ಬಿಡದೆ ಕಾಡುವವರು ಕೊರಿಯಾದ ಉನ್ಸುಕ್ ಚಿನ್. ಹುಟ್ಟಿದ್ದು 1961ರಲ್ಲಿ, ಸೋಲ್‌ನಲ್ಲಿ. ತಂದೆ ಚರ್ಚಿನ ಪಾದ್ರಿ. ಮನೆಯಲ್ಲಿ ದುಡ್ಡಿನ ತಾಪತ್ರಯ. ಪಿಯಾನೋವನ್ನು ಹೆಚ್ಚಾಗಿ ತಾನೇ ಕಲಿತ ಹುಡುಗಿ. ಸ್ವರಪುಸ್ತಕ ಕೊಳ್ಳಲು ಕಾಸಿಲ್ಲದೆ ಚೈಕೋವ್‌ಸ್ಕಿಯ ಸಿಂಫನಿಯೊಂದನ್ನು ಕೈಯಲ್ಲೇ ನಕಲು ಮಾಡಿಕೊಂಡಳು. ಓಲೆಗರಿಯ ನಕಲು ಮಾಡಿದ ಕೈಗಳು ನನಗೆ ಇಲ್ಲಿ ಮತ್ತೆ ಕಾಣುತ್ತವೆ. ಪ್ರತಿಯೊಂದು ಸ್ವರವನ್ನೂ ಬೆರಳಿನಿಂದ ಇನ್ನೊಮ್ಮೆ ಹಾದುಹೋಗುವ ಆ ಓದಿಗೆ ಸಮನಾದ ಓದು ಇನ್ನೊಂದಿಲ್ಲ. ಮೂರು ಚೆಲ್ಲೋಗಳಿಗೆಂದು ಬರೆದ 'ಸ್ಪೆಕ್ಟ್ರಾ'ಕ್ಕೆ 1985ರಲ್ಲಿ ಗೌದೆಯಾಮುಸ್ ಬಂತು. ಅದೇ ವರ್ಷ ಆಕೆ ಜರ್ಮನಿಯ ಹ್ಯಾಂಬರ್ಗಿಗೆ ಹೋಗಿ, ಹಂಗೇರಿ ಮೂಲದ ಮಹಾನ್ ಸಂಯೋಜಕ ಜ್ಯೋರ್ಜ್ ಲಿಗೆಟಿಯವರ ಶಿಷ್ಯೆಯಾದರು.

ಗುರುಗಳು ಬಹುಮಾನ ಬಂದ ಕೃತಿಗಳನ್ನು ನೋಡಿದರು. ಇದರಲ್ಲಿ ನಿನ್ನ ಸ್ವಂತದ್ದೇನೂ ಇಲ್ಲ, ಎಲ್ಲವನ್ನೂ ಎಸೆದುಬಿಡು ಎಂದರು.

ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸು, ಪರದೇಶ, ಪರಭಾಷೆ. ತೀರ್ಪುಗಾರರು ಮೆಚ್ಚಿದ್ದನ್ನು ಗುರು ಕಸವೆಂದರೆ ಯಾರನ್ನು ನಂಬುವುದು? ಚಿನ್ ಸುಮಾರು ಮೂರು ವರ್ಷ ಏನನ್ನೂ ಬರೆಯಲಿಲ್ಲ. 1988ರಲ್ಲಿ ಬರ್ಲಿನ್ನಿಗೆ ಹೋಗಿ, ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ ಸ್ಟುಡಿಯೋದಲ್ಲಿ ನಾದವನ್ನೇ ಬಿಡಿಬಿಡಿಯಾಗಿ ಬಿಡಿಸಿ ನೋಡತೊಡಗಿದರು. ಅಲ್ಲಿಂದ ಹೊರಟದ್ದು 'ಅಕ್ರೋಸ್ಟಿಕಾನ್-ವೋರ್ಟ್‌ಶ್ಪೀಲ್'. ಮಕ್ಕಳ ಕಥೆಗಳ ಪದಗಳನ್ನು ಒಡೆದು, ಅಕ್ಷರಗಳನ್ನು ಹಿಂದುಮುಂದಾಗಿಸಿ, ಅರ್ಥವನ್ನು ಬಿಟ್ಟು ದನಿಯನ್ನೇ ಹಿಡಿದು ಹಾಡುವ ಸೊಪ್ರಾನೋ, ಸುತ್ತ ಒಂದು ಸಣ್ಣ ವಾದ್ಯಮೇಳ. 1991ರಲ್ಲಿ ಅದರ ಒಂದಷ್ಟು ಭಾಗ ಮಾತ್ರ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೇಳಿಸಿತು. ಪೂರ್ತಿ ರೂಪ ಬಂದದ್ದು 1993ರಲ್ಲಿ, ಲಂಡನ್ನಿನಲ್ಲಿ. ಅಲ್ಲಿಂದ ಅದು ಊರಿಂದೂರಿಗೆ ತಿರುಗಿತು. ಆಕೆಯ ಹೆಸರನ್ನು ಜಗತ್ತು ನಿಜವಾಗಿ ಕೇಳಿಸಿಕೊಂಡದ್ದು ಈ ಕೃತಿಯಿಂದ, ಬಹುಮಾನ ಬಂದದ್ದರಿಂದ ಅಲ್ಲ.

2004ರಲ್ಲಿ ವಯಲಿನ್ ಕಾನ್ಚೆರ್ಟೋಗೆ ಗ್ರಾವೆಮೇಯರ್, 2024ರಲ್ಲಿ 2,50,000 ಯೂರೋಗಳ ಎರ್ನ್ಸ್ಟ್ ಫಾನ್ ಸೀಮೆನ್ಸ್ ಪ್ರಶಸ್ತಿ. ಇವೆಲ್ಲ ದೊಡ್ಡವೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2006ರಿಂದ ಹನ್ನೊಂದು ಹನ್ನೆರಡು ವರ್ಷ ಆಕೆ ಸೋಲ್ ಫಿಲ್ಹಾರ್ಮನಿಕ್‌ನಲ್ಲಿ 'ಆರ್ಸ್ ನೋವಾ' ಸರಣಿ ನಡೆಸಿದ್ದು. ಬೇರೆಯವರ ಹೊಸ ಕೃತಿಗಳನ್ನು ತಾನು ಹುಟ್ಟಿದ ಊರಿನ ಜನಕ್ಕೆ ಕೇಳಿಸಿದ್ದು. ಎಲ್ಲೋ ಒಂದು ಸಲ ನುಡಿಸಿ ಸುಮ್ಮನಾಗಿದ್ದ ಕೃತಿಗಳಿಗೆ ಅಲ್ಲಿ ಮತ್ತೊಂದು ಸಂಜೆ ಸಿಕ್ಕಿತು.

ಮೊದಲ ಪ್ರಯೋಗದ ಸಂಜೆ ಏನಾಗುತ್ತದೆ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ವಾದಕರು ಕೆಲವೇ ತಾಲೀಮುಗಳಲ್ಲಿ ಕಷ್ಟದ ಪುಟಗಳನ್ನು ಹೇಗೋ ದಾಟಿರುತ್ತಾರೆ. ಕಣ್ಣು ಹಾಳೆಯ ಮೇಲೆ, ಎಣಿಕೆ ತುಟಿಯ ಮೇಲೆ. ಅವರು ನುಡಿಸುತ್ತಿರುವುದಕ್ಕಿಂತ ಓದುತ್ತಿರುವುದೇ ಹೆಚ್ಚು. ಕೇಳುವವರಿಗೂ ಹಿಡಿತ ಸಿಗುವುದಿಲ್ಲ. ಮೊದಲ ಭಾಗದಲ್ಲಿ ಕೇಳಿದ್ದು ಕೊನೆಯಲ್ಲಿ ಮರಳಿ ಬಂದರೆ ಗುರುತು ಹತ್ತುವುದಿಲ್ಲ. ಹೊಸ ಊರಿನ ಬೀದಿಯಲ್ಲಿ ರಾತ್ರಿ ಮೊದಲ ಸಲ ನಡೆದ ಹಾಗೆ. ಬೆಳಗ್ಗೆ ಇನ್ನೊಮ್ಮೆ ನಡೆದರೆ ತಾನೇ ಯಾವ ತಿರುವಿನಲ್ಲಿ ಮರವಿದೆ, ಎಲ್ಲಿ ಬಾವಿಯಿದೆ ತಿಳಿಯುವುದು? ನಿಮ್ಮ ಉತ್ಸವಗಳು ಆ ಬೆಳಗನ್ನು ಕೊಡುವುದಿಲ್ಲ. 'ವಿಶ್ವದಲ್ಲೇ ಮೊದಲ ಬಾರಿಗೆ' ಎಂದು ಕರಪತ್ರದಲ್ಲಿ ಹಾಕಿದರೆ ಅನುದಾನ ಬರುತ್ತದೆ, ಪತ್ರಿಕೆಯವರು ಬರುತ್ತಾರೆ. 'ಎರಡನೇ ಬಾರಿಗೆ' ಎಂದು ಹಾಕಿದರೆ ಯಾರು ಬರುತ್ತಾರೆ? ಹಾಗಾಗಿ ಇನ್ನೊಬ್ಬರಿಂದ ಇನ್ನೊಂದು ಹೊಸದು ಬರೆಸುವುದೇ ಅವರಿಗೆ ಸುಲಭ.

ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸಂಯೋಜಕರಿಗಷ್ಟೇ ಆಗುವ ಅನ್ಯಾಯವಲ್ಲ, ಕೇಳುವವರಿಗೂ.

ಸಂಯೋಜಕ ಬೇಲಾ ಬಾರ್ಟೋಕ್‌ನ ಸಂಗತಿ ನೋಡಿ. 1943, ನ್ಯೂಯಾರ್ಕಿನ ಆಸ್ಪತ್ರೆ. ಹಂಗೇರಿ ಬಿಟ್ಟು ಬಂದು ಮೂರು ವರ್ಷವಾಗಿತ್ತು, ಕೈಯಲ್ಲಿ ಕಾಸಿಲ್ಲ, ಮೈ ಸೊರಗಿ ಎಲುಬಿನ ಗೂಡು. ಬಾಸ್ಟನ್ ಸಿಂಫನಿಯ ನಿರ್ವಾಹಕ ಸರ್ಗೆಯ್ ಕುಸೆವಿಟ್ಸ್ಕಿ ಹಾಸಿಗೆಯ ಬಳಿಗೇ ಹೋಗಿ, ತೀರಿಹೋದ ಹೆಂಡತಿ ನತಾಲಿಯ ನೆನಪಿಗೊಂದು ವಾದ್ಯವೃಂದದ ಕೃತಿ ಬರೆದುಕೊಡಿ ಎಂದ. ಸಂಭಾವನೆ 1,000 ಡಾಲರ್, ಅರ್ಧ ಮುಂಗಡ. ಬಾರ್ಟೋಕ್ ಹಿಂಜರಿದ, ಮುಗಿಸುವ ತನಕ ಬದುಕಿರುತ್ತೇನೋ ಇಲ್ಲವೋ ಎಂಬ ಭಯ. ಈ ಕೆಲಸವನ್ನು ಅವನಿಗೆ ಕೊಡಿಸಿ ಎಂದು ಕುಸೆವಿಟ್ಸ್ಕಿಗೆ ಹೇಳಿದವರು ಅವನ ಗೆಳೆಯರಾದ ಸಿಗೆಟಿ ಮತ್ತು ರೈನರ್. ಅವನಿಗೆ ಅದು ಗೊತ್ತಾಗದಂತೆ ನೋಡಿಕೊಂಡರು. ದಾನವೆಂದು ತಿಳಿದಿದ್ದರೆ ಅವನು ಮುಟ್ಟುತ್ತಿರಲಿಲ್ಲ. ಆ ಬೇಸಿಗೆ ಸಾರನಾಕ್ ಲೇಕ್‌ನಲ್ಲಿ ಆಗಸ್ಟ್ ನಡುವಿನಿಂದ ಅಕ್ಟೋಬರ್ 8ರ ಒಳಗೆ 'ಕಾನ್ಚೆರ್ಟೋ ಫಾರ್ ಆರ್ಕೆಸ್ಟ್ರಾ' ಮುಗಿಯಿತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಾನು ನಿಮಗೆ ಹೇಳಬೇಕೆಂದಿರುವುದು ಆಮೇಲಿನದು. ಮೊದಲ ಪ್ರಯೋಗ 1944ರ ಡಿಸೆಂಬರ್ 1ರಂದು. ಅದೇ ವಾದ್ಯವೃಂದ ಅದೇ ತಿಂಗಳ ಕೊನೆಯಲ್ಲಿ ಮತ್ತೆ ಅದನ್ನೇ ನುಡಿಸಿತು, ರೇಡಿಯೋದಲ್ಲಿ ಬಿತ್ತರವೂ ಆಯಿತು. ತಿಂಗಳೊಪ್ಪತ್ತಿನಲ್ಲಿ ಎರಡನೇ ಸಲ! ಕೇಳಿದ ಬಾರ್ಟೋಕ್‌ಗೆ ಕೊನೆ ತೀರಾ ಥಟ್ಟನೆ ನಿಂತಂತಾಯಿತೇನೋ, 1945ರಲ್ಲಿ ಇನ್ನೂ ಉದ್ದದ ಬೇರೊಂದು ಮುಕ್ತಾಯ ಬರೆದ. ಇವತ್ತು ಎಲ್ಲೆಡೆ ಸಾಮಾನ್ಯವಾಗಿ ಕೇಳುವುದು ಆ ಮುಕ್ತಾಯವನ್ನೇ. ಅದನ್ನು ಬರೆದ ವರ್ಷವೇ, ಸೆಪ್ಟೆಂಬರಿನಲ್ಲಿ, ಅವನು ತೀರಿಕೊಂಡ. ಕುಸೆವಿಟ್ಸ್ಕಿ ಬರೆಸಿದ್ದಷ್ಟೇ ಆಗಿ, ಒಂದು ಸಂಜೆ ನುಡಿಸಿ ಕಪಾಟಿಗೆ ಸೇರಿಸಿದ್ದರೆ?

ಈಗ ನಾನು ಮೈಸೂರಿನಿಂದ ಯಾಕೆ ಬರೆಯುತ್ತಿದ್ದೇನೆ ಎನ್ನುವುದಕ್ಕೆ ಬರುತ್ತೇನೆ. ನಮ್ಮ ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರು ತಾವೇ ವಾಗ್ಗೇಯಕಾರರು, ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದವರು. ಪಾಶ್ಚಾತ್ಯ ಸಂಗೀತದಲ್ಲೂ ಆಳವಾಗಿ ಮುಳುಗಿದವರು. ಅವರ ರೆಕಾರ್ಡುಗಳ ಸಂಗ್ರಹ ಸುಮಾರು 20,000 ಎಂಬ ಅಂದಾಜಿತ್ತು. ಆ ಹೊತ್ತಿಗೆ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಯೋಜಕ ಇದ್ದ. 1921ರಲ್ಲಿ ತಾಯ್ನಾಡು ಬಿಟ್ಟವನು. ಅರವತ್ತು ದಾಟಿತ್ತು, ಹೃದಯದ ಕಾಯಿಲೆ, ಕಡಿಮೆ ಜನ ಬಲ್ಲ ಹೆಸರು. ಅವನ ಕೃತಿಗಳು ಆಗಲೇ ಬರೆದಾಗಿದ್ದವು, ಬಹುಪಾಲಿಗೆ ಮೊದಲ ಪ್ರಯೋಗಗಳೂ ಆಗಿಹೋಗಿದ್ದವು. ಅವನಿಗೆ ಬೇಕಿದ್ದದ್ದು ಯಾರಾದರೂ ಮತ್ತೆ ಕೇಳುವುದು. 1940ರ ದಶಕದ ಕೊನೆಯಲ್ಲಿ ಮಹಾರಾಜರು ತಮ್ಮ ಹಣದಿಂದ ಮೆಟ್ನರ್ ಸೊಸೈಟಿ ಕಟ್ಟಿದರು. ಅದರ ಹೆಸರಿನಲ್ಲಿ ಮೂರು ಪಿಯಾನೋ ಕಾನ್ಚೆರ್ಟೋಗಳೂ ಇನ್ನೆಷ್ಟೋ ರಚನೆಗಳೂ ಎಚ್‌ಎಂವಿ ತಟ್ಟೆಗಳಿಗೆ ಇಳಿದವು. ಪಿಯಾನೋದ ಮುಂದೆ ಕೂತವನು ಮುದುಕ ಮೆಟ್ನರನೇ. ಮೂರನೇ ಕಾನ್ಚೆರ್ಟೋವನ್ನು ಅವನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರಿನಲ್ಲಿ ಕಣ್ಣು ಮುಚ್ಚಿದ.

ಆ ಮೂರನೇ ಕಾನ್ಚೆರ್ಟೋದ ಧ್ವನಿಮುದ್ರಣವನ್ನು ನಾನು ಎಷ್ಟು ಸಲ ಹಾಕಿಕೊಂಡು ಕೇಳಿದ್ದೇನೆಂಬ ಲೆಕ್ಕವಿಲ್ಲ. ಮೊದಲ ಸಲ ಏನೂ ಹತ್ತಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ದಟ್ಟ ಕಾಡಿನೊಳಗೆ ಯಾರೋ ಗೊಣಗಿದ ಹಾಗೆ ಕೇಳಿತು. ಐದಾರು ಸಲದ ಮೇಲೆ ಒಂದು ಸಂಜೆ, ಆರಂಭದ ಆ ಮೆಲುದನಿಯ ರಾಗವೇ ವೇಷ ಬದಲಿಸಿ ಮರಳಿ ಬರುವುದು ಕಿವಿಗೆ ಸಿಕ್ಕಿತು. ಎದೆ ಧಸಕ್ಕೆಂದಿತು. ಮಹಾರಾಜರ ದುಡ್ಡು ಮೆಟ್ನರನಿಗೆ ಕೊಡಿಸಿದ್ದು ಆ ಆರನೇ ಸಲವನ್ನು. ಎಪ್ಪತ್ತು ವರ್ಷ ದಾಟಿದ ಮೇಲೆ, ಅವನು ಕಂಡೇ ಇರದ ಊರಿನ ಒಂದು ಮನೆಯಲ್ಲಿ.

1950ರ ಮೇ 22ರಂದು ಸಂಯೋಜಕ ರಿಚರ್ಡ್ ಸ್ಟ್ರೌಸ್‌ನ 'ನಾಲ್ಕು ಕೊನೆಯ ಹಾಡು'ಗಳನ್ನು ಲಂಡನ್ನಿನಲ್ಲಿ ಮೊದಲ ಸಲ ಹಾಡಿದಾಗಲೂ ಅದರ ಖರ್ಚಿಗೆ ಹೊಣೆ ನಿಂತವರು ಇದೇ ಮಹಾರಾಜರು. ಆ ಸಂಜೆಯ ಧ್ವನಿಮುದ್ರಣ ತಮಗೆ ಬೇಕೆಂದದ್ದೂ ಅವರೇ. ಸ್ಟ್ರೌಸ್ ಆಗಲೇ ಕಾಲವಾಗಿದ್ದ. ಮೊದಲ ಪ್ರಯೋಗದ ದಿನವೇ ಎರಡನೇ ಸಲ ಕೇಳುವುದಕ್ಕೂ ಏರ್ಪಾಡು ಮಾಡಿಕೊಂಡ ಆ ರಸಿಕತನ ನನ್ನ ಪಾಲಿಗೆ ಈ ಊರಿನ ದೊಡ್ಡ ಆಸ್ತಿ.

ಅರಸರು ಈಗಿಲ್ಲ, ಹಾಗಾದರೆ ನಾನೇನು ಮಾಡಲಿ ಎಂದು ನೀವು ಕೇಳಬಹುದು. ಲೂಯಿ ಆಂದ್ರಿಸೆನ್ ನಿಮ್ಮ ಪಟ್ಟಿಯಲ್ಲೇ ಇದ್ದಾರೆ, 1959ರ ವಿಜೇತರು. 1957ರ ಮೊದಲ ವಿಜೇತ ಪೀಟರ್ ಸ್ಖಾಟ್ ಕೂಡ. 1969ರ ನವೆಂಬರ್ 17ರ ಸಂಜೆ ಇವರಿಬ್ಬರೂ ಗೆಳೆಯರೊಂದಿಗೆ ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಖೆಬೌ ಸಭಾಂಗಣಕ್ಕೆ ಸದ್ದು ಮಾಡುವ ಆಟಿಕೆಗಳನ್ನು ಹಿಡಿದು ಹೋದರು. ಹೊಸ ಸಂಗೀತಕ್ಕೆ ಅಲ್ಲಿನ ವಾದ್ಯವೃಂದ ಬಾಗಿಲು ಹಾಕಿದೆ ಎಂದು ಕಛೇರಿಯನ್ನು ತಡೆದರು. ಅವರಿಗೆ ಬಿದ್ದ ಹೆಸರು ನೋಟೆನ್‌ಕ್ರಾಕರ್ಸ್. ಡಚ್ಚಿನಲ್ಲಿ ನೋಟೆನ್ ಎಂದರೆ ಸ್ವರಗಳೂ ಹೌದು, ಒಡೆದು ತಿನ್ನುವ ಕಾಯಿಬೀಜಗಳೂ ಹೌದು. ಗಲಾಟೆಯಿಂದ ಸಿಕ್ಕಿದ್ದಕ್ಕಿಂತ ಆಮೇಲೆ ಆಂದ್ರಿಸೆನ್ ಮಾಡಿದ್ದು ನನಗೆ ಮುಖ್ಯ. ದೊಡ್ಡ ವಾದ್ಯವೃಂದಗಳ ಬಾಗಿಲಲ್ಲಿ ಕಾಯುವುದನ್ನು ಬಿಟ್ಟು 1972ರಲ್ಲಿ ತಮ್ಮದೇ ಮೇಳ 'ದೆ ವೋಲ್‌ಹಾರ್ಡಿಂಗ್' ಕಟ್ಟಿದರು. ಆ ಪದದ ಅರ್ಥವೇ ಪಟ್ಟು ಬಿಡದಿರುವುದು. ತಮ್ಮ ಕೃತಿ ಬಲ್ಲ ವಾದಕರನ್ನು ಜತೆಗಿಟ್ಟುಕೊಂಡರೆ ಅದು ಒಂದೇ ರಾತ್ರಿಗೆ ಸಾಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನಮ್ಮ ವಿದ್ವಾಂಸರು ಶಿಷ್ಯರನ್ನು ಇಟ್ಟುಕೊಂಡದ್ದೂ ಇದಕ್ಕೇ ಅಲ್ಲವೇ? ಹಾಡನ್ನು ಹಾಳೆಯಲ್ಲಿಟ್ಟವರು ಕಡಿಮೆ, ಗಂಟಲಲ್ಲಿಟ್ಟವರೇ ಹೆಚ್ಚು.

ಆದ್ದರಿಂದ ಒಂದು ಬೇಡಿಕೆ. ಉತ್ಸವದವರು ಕರಾರು ಪತ್ರ ಮುಂದಿಡುತ್ತಾರೆ. ಅದರಲ್ಲಿ ಮೊತ್ತ, ಎಷ್ಟು ನಿಮಿಷ, ಎಷ್ಟು ವಾದ್ಯ, ಯಾವ ತಾರೀಖಿಗೆ ಹಾಳೆಗಳು ತಲುಪಬೇಕು, ಮೊದಲ ಪ್ರಯೋಗ ಎಂದು ಎಲ್ಲ ಇರುತ್ತದೆ. ಸಹಿ ಮಾಡುವ ಮುನ್ನ ಇನ್ನೊಂದು ಸಾಲು ಸೇರಿಸಲು ಹೇಳಿ: ಇದೇ ವಾದಕರು, ಇದೇ ಕೃತಿ, ಇನ್ನೊಂದು ದಿನ. ಬೇರೆ ಊರಾದರೂ ಸರಿ, ನೂರು ಕುರ್ಚಿಯ ಕೋಣೆಯಾದರೂ ಸರಿ. ಅಷ್ಟು ಹಣವಿಲ್ಲ ಎಂದರೆ ಹತ್ತು ನಿಮಿಷದ ಕೃತಿ ಬರೆದು ಒಂದೇ ಸಂಜೆಯಲ್ಲಿ ಎರಡು ಸಲ ನುಡಿಸಲು ಕೇಳಿ, ನಡುವೆ ಕಾಫಿಗೆ ಬಿಡುವು ಕೊಟ್ಟು. ಎಳೆಯರು, ಗೆದ್ದವರು, ಹೀಗೆ ಕೇಳಿದರೆ ಕೃತಘ್ನತೆ ಅನಿಸುತ್ತದೆಯೇನೋ ಎಂದು ಅಳುಕಬೇಡಿ. ಗೆದ್ದ ದಿನವಲ್ಲದೆ ಇನ್ನು ಯಾವ ದಿನ ನಿಮ್ಮ ಮಾತು ನಡೆದೀತು? ವಾಲ್ಟರ್ ಮಾಸ್ ಇದ್ದಿದ್ದರೆ ಕುರ್ಚಿಗಳನ್ನು ತೆಗೆಯದೆ ಹಾಗೇ ಬಿಡಿಸುತ್ತಿದ್ದ ಎಂದು ನನ್ನ ನಂಬಿಕೆ.

ಬರೆಯುವಾಗ ತೀರ್ಪುಗಾರರು ಮೆಚ್ಚಿದ ಕೃತಿಯ ತಮ್ಮನನ್ನೋ ತಂಗಿಯನ್ನೋ ಬರೆಯಬೇಡಿ. ಚಿನ್‌ಗೆ ಗುರು ಹೇಳಿದ ಮಾತನ್ನು ನಿಮಗೆ ಯಾರೂ ಹೇಳದೆ ಹೋಗಬಹುದು, ಆಗ ನೀವೇ ಹೇಳಿಕೊಳ್ಳಬೇಕಾದೀತು. ಅದಕ್ಕೆ ಮೂರು ವರ್ಷ ಹಿಡಿದರೆ ಹಿಡಿಯಲಿ.

ಮೊದಲ ಪ್ರಯೋಗಕ್ಕೆ ನಾನು ಬರುವುದಿಲ್ಲ. ಅದಕ್ಕೆ ಬರುವವರು ಬೇಕಾದಷ್ಟು ಜನ ಇರುತ್ತಾರೆ. ಎರಡನೆಯದರ ತಾರೀಖು ಗೊತ್ತಾದ ದಿನ ದಯವಿಟ್ಟು ಒಂದು ಸಾಲು ತಿಳಿಸಿ. ಗಣಪತಿ ಹಬ್ಬ ಮುಗಿದ ಮೇಲಾದರೆ ಖಂಡಿತ ಬರುತ್ತೇನೆ.

ಇಂತು,
ಮೈಸೂರಿನ ಒಬ್ಬ ಕೇಳುಗ